ಅಮಸಿದ್ದಪ್ಪನ ಕೈಯಲ್ಲಿ ಉಳಿದ ಒಂದು ಸೀಸೆ

ಗಲಗಲಿಯ ಕುರಿಗಾರರ ಮನೆತನದ ಅಮಸಿದ್ದಪ್ಪ ಇಪ್ಪತ್ತೆರಡು ವರ್ಷ ಆಕಳು, ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುತ್ತ ಊರೂರು ತಿರುಗಿದವನು. ದ್ರವ ಸಾರಜನಕದ ಕ್ಯಾನಿನಿಂದ ವೀರ್ಯದ ಕಡ್ಡಿ ತೆಗೆದು, ಬೆಚ್ಚನೆಯ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ತಡಮಾಡದೆ ಬಳಸುವುದು ಅವನ ಕೈಗೆ ಕೂತ ಕೆಲಸ. 2011ರಲ್ಲಿ ಹೆಂಡತಿ ತೀರಿಕೊಂಡಳು. ಹದಿನೆಂಟನೆಯ ದಿನ ಅವನು ಕೆಲಸಕ್ಕೆ ಮರಳಿದ. ಅಳು ಬಂದಿರಲಿಲ್ಲ. ಕುಡಿಯುವ ಚಹಾ ಬಿಸಿಯೋ ಆರಿದ್ದೋ ನಾಲಿಗೆಗೆ ತಿಳಿಯುತ್ತಿರಲಿಲ್ಲ.

ಆ ವಾರವೇ ಜಮಖಂಡಿಯ ಸಣ್ಣ ಪ್ರಯೋಗಾಲಯವೊಂದರಿಂದ ಸಂಧ್ಯಾ ಅವನನ್ನು ಕರೆಸಿಕೊಂಡಳು. ಆಡಿನ ಯಕೃತ್ತಿನ ಜೀವಕೋಶಗಳನ್ನು ಹೆಪ್ಪುಗಟ್ಟಿಸಿ ಕಾಪಾಡುವುದು ಅವಳ ಸಂಶೋಧನೆ. ಸಾರಜನಕ ಸಿಡಿದು ಅವಳ ಬಲಗೈಗೆ ಪಟ್ಟಿ ಬಿದ್ದಿತ್ತು; ಕೋಶಗಳನ್ನು ಕರಗಿಸಲು ಪಳಗಿದ ಕೈಯೊಂದು ಬೇಕಿತ್ತು. ಹೆಪ್ಪುಗಟ್ಟಿಸಿಟ್ಟ ಕೋಶಗಳಲ್ಲಿ ಉಳಿದದ್ದು ಮೂರೇ ಸೀಸೆ. ಕರಗಿಸಿದಾಗ ನೂರಕ್ಕೆ ಎಪ್ಪತ್ತು ಕೋಶಗಳಾದರೂ ಬದುಕದಿದ್ದರೆ ಮೂರು ವರ್ಷದ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ಅವಳು ಸೂಕ್ಷ್ಮದರ್ಶಕ ಸರಿಪಡಿಸಿ ತಿರುಗುವಷ್ಟರಲ್ಲಿ ಅಮಸಿದ್ದಪ್ಪ ಎರಡು ಸೀಸೆ ಕರಗಿಸಿ, ಅವುಗಳಿಗೆ ಪೋಷಕ ದ್ರವವನ್ನೂ ಸುರಿದಿದ್ದ.

"ಕಾಕಾ, ಒಮ್ಮೆಲೇ ಸುರುವಿದ್ರೇನ್ರಿ?"

"ಹೌದವಾ. ತಡಾ ಆದ್ರ ಸಾಯ್ತಾವಲ್ಲ."

"ಅದು ನಿಮ್ಮ ಕಡ್ಡಿಗೆ! ಥಂಡಿಗೆ ಒಡೀಬಾರದಂತ ಇವುಗಳ ಒಳಗ ಮದ್ದು ತುಂಬೇನ್ರಿ. ಅದು ಹೊರಗ ಬರೂದ್ರೊಳಗ ನೀರು ನುಗ್ಗಿ, ಉಬ್ಬಿ ಒಡೀತಾವು."

ಸತ್ತ ಕೋಶಗಳಷ್ಟೇ ಹೀರುವ ಬಣ್ಣ ಹಾಕಿ ನೋಡಿದರೆ, ಕಂಡಲ್ಲೆಲ್ಲ ನೀಲಿ.

ಅಮಸಿದ್ದಪ್ಪ ಆ ಎರಡು ಸೀಸೆಗಳನ್ನು ಪಕ್ಕಕ್ಕೆ ಸರಿಸಿದ. "ಉಪ್ಪು ನೆಕ್ಕಿದ ಕುರಿ ಇದ್ದಂಗ ಅಂದಂಗಾತು. ಹಳ್ಳಕ್ಕ ಬಿಟ್ರ ಕುಡದು ಕುಡದು ಬೀಳ್ತಾವು. ನಮ್ಮಪ್ಪ ನಾಕು ಗುಟುಕು ಕುಡಿಸಿ ಹಿಂದಕ್ಕ ಎಳೀತಿದ್ದ."

"ಇಷ್ಟು ಗೊತ್ತಿದ್ದೂ ಕೊಡಾನ ಬೋರಲ ಹಾಕಿದ್ರಲ್ಲರಿ!" ಎಂದಳು. ಆದರೂ ಮೂರನೆಯದನ್ನು ಅವನ ಮುಂದೆಯೇ ಇಟ್ಟಳು.

ಕರಗಿಸಿದ ಮೇಲೆ ಪೋಷಕ ದ್ರವದ ಒಂದೇ ಹನಿ. ಮೆಲ್ಲಗೆ ಅಲುಗಿಸಿ ಒಂದು ನಿಮಿಷ. ಮತ್ತೊಂದು ಹನಿ. ಆಮೇಲೆ ಎರಡೆರಡು. ಇಪ್ಪತ್ತೈದು ನಿಮಿಷ ಅವನ ಕೈ ಅದೇ ಲಯದಲ್ಲಿ ನಡೆಯಿತು. ಅವಸರಪಡಲು ಅವನೊಳಗೆ ಏನೂ ಇರಲಿಲ್ಲ.

ಸಂಧ್ಯಾ ಎರಡು ಸಲ ಎಣಿಸಿದಳು. ನೂರಕ್ಕೆ ಎಪ್ಪತ್ತಮೂರು ಬದುಕಿದ್ದವು. ಸ್ಟೂಲಿನ ಮೇಲೆ ಕೂತು, ಎಡಗೈಯಿಂದ ಮುಖ ಮುಚ್ಚಿಕೊಂಡಳು. ಅವನೂ ಬಗ್ಗಿ ನೋಡಿದ. ಬಣ್ಣ ಹತ್ತದ, ಹೊಳೆಯುವ ದುಂಡನೆಯ ಚುಕ್ಕೆಗಳು. ಸಂತೋಷಪಡಬೇಕಾದ ಹೊತ್ತು ಇದು ಎಂಬುದು ಅವನಿಗೆ ಗೊತ್ತಾಯಿತು, ಅಷ್ಟೇ.

"ಛಲೋ ಆತು ಬಿಡವಾ," ಎಂದ.

"ನಾಳೆ ಹೊಸಾ ಲಿವರ್ ಬರತೈತ್ರಿ. ಹೆಪ್ಪುಗಟ್ಟಿಸೂ ಮುಂದ ಮದ್ದನ್ನೂ ಹಿಂಗ ಹನಿಹನಿ ಹಾಕಬೇಕು. ಒಂಬತ್ತಕ್ಕ ಬರ್ತೀರೇನ್ರಿ?"

"ಎಂಟಕ್ಕ ಬರ್ತೇನಿ," ಎಂದು ಅವನು ಚಪ್ಪಲಿ ಮೆಟ್ಟಿದ.