ಭದ್ರೆಗೆ ಎಳೆದ ಕೆಂಪು ಗೀಟು

ಗೋಣಿಬೀಡಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಲಿಂಗಪ್ಪ ಮೇಸ್ತ್ರಿ. ಓದಿದ್ದು ಆರನೇ ಕ್ಲಾಸು. ಆದರೆ ಬೆಳಿಗ್ಗೆ ಏಳೂವರೆಗೆ ಹಾಜರಿಯ ಚೆಕ್‌ರೋಲ್ ಪುಸ್ತಕ ಹಿಡಿದು ಕೂಲಿಯವರ ಲೈನ್ ಮನೆಗಳ ಮುಂದೆ ನಿಂತನೆಂದರೆ ಪಿಯುಸಿ ಮುಗಿಸಿದವರೂ ಬಾಯಿ ಮುಚ್ಚಿಕೊಂಡು ಸಾಲಿಗೆ ಬರಬೇಕು. ಹೆಸರು ಕೂಗಿದಾಗ "ಬಂದೆ" ಅನ್ನಬೇಕು. ಅನ್ನದಿದ್ದರೆ ಕೆಂಪು ಪೆನ್ನಿನ ಗೀಟು. ಆಮೇಲೆ ಓಡಿ ಬಂದು ಹಲ್ಲು ಕಿರಿದರೆ, "ನಾಳೆ ಬಾ ಮಾರಾಯ, ಇವತ್ತು ನೀನು ಬಂದಿಲ್ಲ" ಅನ್ನುವ ಮನುಷ್ಯ. ಎಳೆದ ಗೀಟನ್ನು ಮೂವತ್ತು ವರ್ಷದಲ್ಲಿ ಒಂದು ಸಲವೂ ಹೊಡೆದುಹಾಕಿಲ್ಲ ಅಂತ ಎದೆ ಉಬ್ಬಿಸಿ ಹೇಳಿಕೊಳ್ಳುತ್ತಿದ್ದ.

ಇಂಥವನು ಇಲ್ಲದ ಕುದುರೆಗಳ ಕ್ಲಬ್ಬು ನಡೆಸುತ್ತಾನೆ ಎಂದರೆ ಯಾರು ನಂಬುತ್ತಾರೆ? ನಡೆಸುತ್ತಿದ್ದ. ಅದೂ ಫೋನಿನಲ್ಲಿ, ವಾಟ್ಸಾಪ್ ಗುಂಪು ಮಾಡಿಕೊಂಡು.

ಕುದುರೆಯ ಹುಚ್ಚು ಅಪ್ಪನಿಂದ ಬಂದದ್ದು. ಅಪ್ಪ ರೇವಣ್ಣ ಎಸ್ಟೇಟಿನ ಹಳೇ ಸಾಹುಕಾರರ ಕುದುರೆ ನೋಡಿಕೊಳ್ಳುತ್ತಿದ್ದ. ಮೋತಿ ಅಂತ ಒಂದೇ ಕುದುರೆ. ಕಂದು ಮೈ, ಹಣೆಯಲ್ಲಿ ಬಿಳಿ ಬೊಟ್ಟು. ಒಂದು ಮಳೆಗಾಲದಲ್ಲಿ ಅದು ಸಿಡಿಲಿಗೆ ಬೆದರಿ, ಹಗ್ಗ ಹರಿದುಕೊಂಡು ಕಾಡು ಹೊಕ್ಕಿತು. ಆನೆ ತುಳಿದಿರಬೇಕು, ಹಳ್ಳ ಎಳೆದುಕೊಂಡು ಹೋಗಿರಬೇಕು ಅಂತ ಎಲ್ಲರೂ ಕೈಬಿಟ್ಟರು. ಅಪ್ಪ ಮಾತ್ರ ದಿನಾ ಸಂಜೆ ಒಂದು ಸೇರು ಹುರುಳಿ ನೆನೆಹಾಕುವುದನ್ನು ಬಿಡಲಿಲ್ಲ. ಬೆಳಿಗ್ಗೆ ಅದನ್ನು ಹಸುವಿಗೆ ಸುರಿದು, ಸಂಜೆ ಮತ್ತೆ ನೆನೆಸುವುದು. ಒಂಬತ್ತನೇ ದಿನ ಮೋತಿ ಕುಂಟುತ್ತಾ ಬಂದು ಲಾಯದ ಬಾಗಿಲಲ್ಲಿ ನಿಂತಿತು. ಈ ಕಥೆಯನ್ನು ಲಿಂಗಪ್ಪ ಮಗಳಿಗೆ ಎಷ್ಟು ಸಲ ಹೇಳಿದ್ದನೋ ಲೆಕ್ಕವಿಲ್ಲ.

ಕೊರೋನಾ ವರ್ಷ ಮಗಳು ನಾಗಶ್ರೀ ಹಾಸ್ಟೆಲ್ ಬಿಟ್ಟು ಮನೆಗೆ ಬಂದು ಕೂತಿದ್ದಳು. "ಅಪ್ಪಾ, ಕುದುರೆ ಕುದುರೆ ಅಂತ ನನ್ನೊಬ್ಬಳ ತಲೆ ಯಾಕೆ ತಿಂತೀಯ? ನನ್ನ ಫ್ರೆಂಡ್ಸ್ ತಲೇನೂ ತಿನ್ನು" ಎಂದು ಗುಂಪು ಕಟ್ಟಿಕೊಟ್ಟಳು. ಹೆಸರು ಮೋತಿ ಲಾಯ. ಮೊದಲು ಬರೀ ಕಥೆ ಇತ್ತು. ಆಮೇಲೆ ಆಟವಾಯಿತು. ಸೇರಿದವರಿಗೆಲ್ಲ ಲಿಂಗಪ್ಪ ಚೀಟಿ ಎತ್ತಿ ಕುದುರೆ ಕೊಡುತ್ತಿದ್ದ. ಬಣ್ಣಕ್ಕೊಂದು ಚೀಟಿ, ವಯಸ್ಸಿಗೊಂದು, ಬುದ್ಧಿಗೊಂದು. ಹೆಸರು ಅವರವರೇ ಇಟ್ಟುಕೊಳ್ಳಬೇಕು. ದಿನಾ ಬೆಳಿಗ್ಗೆ ಏಳೂವರೆಯಿಂದ ಎಂಟೂವರೆಯ ಒಳಗೆ, ಕುದುರೆಗೆ ಏನು ಹಾಕಿದೆ, ಎಲ್ಲಿ ನಡೆಸಿದೆ ಅಂತ ಬರೆಯಬೇಕು. ಲಿಂಗಪ್ಪ ಹಳೇ ಚೆಕ್‌ರೋಲ್ ಪುಸ್ತಕದಲ್ಲಿ ಹಾಜರಿ ಹಾಕುತ್ತಿದ್ದ.

ಶನಿವಾರ ಸಂಜೆ ನಾಲ್ಕಕ್ಕೆ ರೇಸು. ಒಣಗಿದ ಪಾರ್ಚ್‌ಮೆಂಟ್ ಕಾಫಿ ಬೀಜದ ಬಿಳಿ ಸಿಪ್ಪೆಯ ಮೇಲೆ ಪೆನ್ನು ಚೆನ್ನಾಗಿ ಹತ್ತುತ್ತದೆ. ಒಂದೊಂದು ಬೀಜಕ್ಕೆ ಒಂದೊಂದು ಕುದುರೆಯ ನಂಬರು ಬರೆದು, ಸೇರಿನಲ್ಲಿ ಹಾಕಿ, ಕುಲುಕಿ, ಕಣ್ಣು ಮುಚ್ಚಿ ಎತ್ತುವುದು; ಕೈಗೆ ಬಂದ ನಂಬರಿನ ಕುದುರೆ ಗೆದ್ದಂತೆ. ವಾರವಿಡೀ ಹಾಜರಾದ ಕುದುರೆಗೆ ಸೇರಿನಲ್ಲಿ ಏಳು ಬೀಜ, ತಪ್ಪಿಸಿಕೊಂಡ ಕುದುರೆಗೆ ಅಷ್ಟಷ್ಟು ಕಡಿಮೆ. ವಿಡಿಯೋ ಹಿಡಿಯುವ ಕೆಲಸ ಹೆಂಡತಿ ಸಾವಿತ್ರಮ್ಮನದು. "ಇಲ್ಲದ ಕುದುರೆಗೆ ಹಾಜರಿ ಹಾಕ್ತೀರಿ. ಕೊಟ್ಟಿಗೇಲಿ ಹಸು ಕೂಗ್ತಾ ಇದೆ, ಅದರ ಹಾಜರಿ ಯಾರು ಹಾಕ್ತಾರೆ?" ಎಂದು ಬೈಯುತ್ತಲೇ ಹಿಡಿಯುತ್ತಿದ್ದಳು. ನಾಲ್ಕು ವರ್ಷದಲ್ಲಿ ನಲವತ್ತಮೂರು ಕುದುರೆಗಳಾದವು. ಮೂಡಿಗೆರೆಯಲ್ಲಿ ಬೇಕರಿ ಇಟ್ಟ ಪ್ರಶಾಂತ್ ತನ್ನ ಕುದುರೆಗೆ ಬಿಸ್ಕತ್ತು ಅಂತ ಹೆಸರಿಟ್ಟಿದ್ದ. ಚಿಕ್ಕಮಗಳೂರಿನ ಆಸ್ಪತ್ರೆಯೊಂದರ ನರ್ಸ್ ಅರುಣಾ ತನ್ನ ಕುದುರೆಗೆ ತಿಂಗಳಿಗೊಮ್ಮೆ ಇಂಜೆಕ್ಷನ್ ಕೊಡುತ್ತಿದ್ದಳು.

ಲಾಯಕ್ಕೆಲ್ಲ ಕಣ್ಣಾಗಿದ್ದದ್ದು ಭದ್ರೆ. ಕಳಸದ ಹತ್ತಿರದ ಸಂಸೆಯಲ್ಲಿ ಬಟ್ಟೆ ಹೊಲಿಯುವ ಪ್ರೇಮಕುಮಾರಿ ಅನ್ನುವವಳ ಕುದುರೆ. ಆಕೆ ಹುಟ್ಟಿ ಬೆಳೆದದ್ದು ಕುದುರೆಮುಖದ ಕಬ್ಬಿಣದ ಗಣಿ ಕಂಪನಿಯ ಕ್ವಾರ್ಟರ್ಸಿನಲ್ಲಿ. ಗಣಿ ನಿಂತ ಮೇಲೆ ಅಪ್ಪನ ಕೆಲಸ ಹೋಗಿ ಸಂಸೆಗೆ ಬಂದವರು. ಆಮೇಲೆ ಆ ಕಡೆ ಕಾಲಿಟ್ಟಿರಲಿಲ್ಲ. ಆದರೆ ಕುದುರೆ ಸಿಕ್ಕ ದಿನದಿಂದ ಅದನ್ನು ಅಲ್ಲೇ ನಡೆಸುತ್ತಿದ್ದಳು, ಖಾಲಿ ಬಿದ್ದ ಆ ಊರಿನ ರಸ್ತೆಗಳಲ್ಲಿ.

"ಇವತ್ತು ಭದ್ರೆಗೆ ಎರಡು ಹಿಡಿ ಹುರುಳಿ, ಒಂದು ಹೊರೆ ಹುಲ್ಲು. ಮೈ ತಿಕ್ಕಿದೆ. ಶಾಲೆ ಹಿಂದಿನ ರಸ್ತೆಯಲ್ಲಿ ನಡೆಸಿದೆ. ಒಂದು ಮನೆಯ ಕಿಟಕಿಯಿಂದ ಗಿಡ ಹೊರಗೆ ಬಂದಿದೆ. ಭದ್ರೆ ತಿನ್ನಲು ಹೋಯಿತು. ಬೇಡ ಅಂದೆ, ಅದು ನಮ್ಮ ಟೀಚರ ಮನೆ."

ದಿನಾ ಇಷ್ಟೇ, ನಾಲ್ಕು ಸಾಲು. ಅದನ್ನು ಓದದೆ ಅರುಣಾ ಡ್ಯೂಟಿಗೆ ಹೋಗುತ್ತಿರಲಿಲ್ಲವಂತೆ. ಲಿಂಗಪ್ಪನೂ ಅಷ್ಟೆ. ಲೈನಿನ ಮುಂದೆ ಹೆಸರು ಕೂಗುವುದನ್ನು ಅರ್ಧಕ್ಕೆ ನಿಲ್ಲಿಸಿ ಫೋನು ನೋಡುತ್ತಿದ್ದ. ನಾಲ್ಕು ವರ್ಷ ಊರೆಲ್ಲ ಸುತ್ತಿದರೂ ಪ್ರೇಮಕುಮಾರಿ ತನ್ನ ಹಳೇ ಮನೆಯ ಕಡೆ ಮಾತ್ರ ಕುದುರೆ ತಿರುಗಿಸಿರಲಿಲ್ಲ. ಈ ಆಷಾಢದಲ್ಲಿ ಒಂದು ದಿನ ಬರೆದಳು: "ಇವತ್ತು ನಮ್ಮ ಕ್ವಾರ್ಟರ್ಸಿನ ಗೇಟಿನ ತನಕ ಬಂದೆವು. ಭದ್ರೆಗೆ ಸುಸ್ತು. ನಾಳೆ ಒಳಗೆ ಹೋಗುತ್ತೇವೆ."

ಮಾರನೇ ದಿನ ಅವಳ ಬರಹ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ.

ಲಾಯದಲ್ಲಿ ಒಂದು ಕಾನೂನಿತ್ತು, ಲಿಂಗಪ್ಪನೇ ಮಾಡಿದ್ದು. ಐದು ದಿನ ಒಂದೇ ಸಮ ಗೈರಾದರೆ ಆ ಕುದುರೆ ಸತ್ತಿತು. ಸತ್ತದ್ದು ಮತ್ತೆ ಏಳುವಂತಿಲ್ಲ. ಹಿಂದಿನ ತಿಂಗಳು ಪ್ರಶಾಂತ್ ತಂಗಿಯ ಮದುವೆ ಗಡಿಬಿಡಿಯಲ್ಲಿ ಮರೆತು ಬಿಸ್ಕತ್ತನ್ನು ಕಳೆದುಕೊಂಡಿದ್ದ. ಎಷ್ಟು ಬೇಡಿದರೂ ಮೇಸ್ತ್ರಿ ಬಗ್ಗಿರಲಿಲ್ಲ. ಆ ಉರಿ ಅವನೊಳಗೆ ಇತ್ತು. ಆರನೇ ದಿನ ಬೆಳಿಗ್ಗೆ ಗುಂಪಿನಲ್ಲಿ ಹಾಕಿದ:

"ಮೇಸ್ತ್ರಿಗಳೇ, ಮೂಡಿಗೆರೆ ಕುದುರೆಗೆ ಒಂದು ಕಾನೂನು, ಸಂಸೆ ಕುದುರೆಗೆ ಇನ್ನೊಂದಾ? ಇಲ್ಲಾ ಅದು ನಿಮ್ಮ ಮನೆ ಕುದುರೆಯಾ?"

ಅದರ ಕೆಳಗೆ ನಾಲ್ಕೈದು ಜನ ನಕ್ಕರು.

ಲಿಂಗಪ್ಪನ ತಲೆಗೆ ರಕ್ತ ಏರಿತು. ತಲೆಗೆ ಹೊದ್ದ ಕೊಪ್ಪೆಯಿಂದ ಮಳೆ ನೀರು ಸೋರಿ ಪುಸ್ತಕದ ಮೇಲೆ ಬೀಳುತ್ತಿತ್ತು. ಕಳಸದ ಕಡೆ ಮರ ಬಿದ್ದು ಕರೆಂಟಿಲ್ಲ, ಟವರ್ ಸತ್ತಿದೆ ಅಂತ ಹಿಂದಿನ ದಿನವೇ ಬಸ್ಸಿನ ಕಂಡಕ್ಟರ್ ಹೇಳಿದ್ದ. ಗೊತ್ತಿಲ್ಲದೆ ಮಾಡಿದ್ದರೆ ಒಂದು ಮಾತು. ಗೊತ್ತಿತ್ತು. ಗೊತ್ತಿದ್ದೂ ಅಲ್ಲೇ ನಿಂತು ಕೆಂಪು ಪೆನ್ನಿನಿಂದ ಭದ್ರೆಯ ಹೆಸರಿನ ಮೇಲೆ ಈ ತುದಿಯಿಂದ ಆ ತುದಿಗೆ ಗೀಟೆಳೆದ. ಫೋಟೋ ತೆಗೆದು ಗುಂಪಿಗೆ ಹಾಕಿದ. "ಭದ್ರೆ ಸತ್ತಿತು. ಕಾನೂನು ಎಲ್ಲರಿಗೂ ಒಂದೇ."

ಅರುಣಾ ಬೇಡಿಕೊಂಡಳು. ಯಾರ್ಯಾರೋ ಕೈಮುಗಿದ ಚಿತ್ರ ಹಾಕಿದರು. ಆಶ್ಚರ್ಯವೆಂದರೆ ಪ್ರಶಾಂತನೂ "ತಮಾಷೆಗೆ ಹೇಳಿದ್ದು ಮಾರಾಯ್ರೆ, ಬಿಡಿ" ಅಂದ. ಲಿಂಗಪ್ಪ ಸಾಲಿನಲ್ಲಿ ಮುಂದಿನ ಹೆಸರು ಕೂಗಿದ.

ಹತ್ತನೇ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಫೋನು ಒಂದೇ ಸಮ ಬಡಿದುಕೊಂಡಿತು. ಪ್ರೇಮಕುಮಾರಿ. ಒಂದರ ಹಿಂದೆ ಒಂದು ಒಂಬತ್ತು ಫೋಟೋ. ನೋಟ್‌ಬುಕ್ಕಿನ ಹಾಳೆಗಳು. "ಒಂಬತ್ತು ದಿನ ರೇಂಜ್ ಇರಲಿಲ್ಲ. ಒಂದು ದಿನವೂ ಬಿಡದೆ ಬರೆದಿಟ್ಟಿದ್ದೇನೆ. ಹಾಜರಿ ಹಾಕಿಕೊಳ್ಳಿ" ಅಂತ ಕೆಳಗೆ ಬರೆದಿದ್ದಳು. ಸತ್ತ ಸುದ್ದಿಯನ್ನು ಆಗಿನ್ನೂ ನೋಡಿರಲಿಲ್ಲವೋ ಏನೋ.

ಅಲ್ಲೇ ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ತಪ್ಪು ಮಾಡಿದೆ ಅಂತ ಒಳಗೆ ಚುಚ್ಚಿದಾಗಲೇ ಇಂಥವರಿಗೆ ಸಿಟ್ಟು ಹೆಚ್ಚು ಬರುವುದು. ಫೋಟೋ ಒಂದನ್ನೂ ತೆರೆಯದೆ, ಅನ್ನದ ಕೈಯಲ್ಲೇ ಒತ್ತಿದ: "ಸತ್ತ ಕುದುರೆಗೆ ಹುರುಳಿ ನೆನೆಸಬೇಡಿ. ರೇಂಜ್ ನೆಪ ಎಲ್ಲರ ಹತ್ತಿರವೂ ಇದೆ."

ಆಮೇಲೆ ಅವನ ಕಣ್ಣೆದುರೇ ಫೋಟೋಗಳು ಒಂದೊಂದಾಗಿ ಅಳಿದುಹೋದವು. ಒಂಬತ್ತೂ. ಕಡೆಗೆ, ಪ್ರೇಮಕುಮಾರಿ ಗುಂಪು ಬಿಟ್ಟಿದ್ದಾರೆ ಅನ್ನುವ ಬೂದುಬಣ್ಣದ ಒಂದು ಸಾಲು.

"ಏನಾಯ್ತು, ಸಾರು ಉಪ್ಪಾಯ್ತಾ?" ಎಂದಳು ಸಾವಿತ್ರಮ್ಮ. ಅವನು ತಟ್ಟೆ ಬಿಟ್ಟು ಎದ್ದ.

ಫೋನು ಮಾಡಿದರೆ ಆಕೆ ಎತ್ತಲಿಲ್ಲ. ಈಗ ಬೆಂಗಳೂರಿನಲ್ಲಿದ್ದ ನಾಗಶ್ರೀ ಗುಂಪು ನೋಡಿ ಫೋನು ಮಾಡಿ, "ಅಪ್ಪಾ, ಅಜ್ಜ ಒಂಬತ್ತು ದಿನ ಹುರುಳಿ ನೆನೆಸಿದ ಕಥೆ ಇನ್ಮೇಲೆ ನಂಗೆ ಹೇಳ್ಬೇಡ" ಎಂದು ಇಟ್ಟುಬಿಟ್ಟಳು. ಆ ಮಾತು ಮಾತ್ರ ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತು.

ಶ್ರಾವಣದ ಒಂದು ಭಾನುವಾರ, ಮಳೆ ಸ್ವಲ್ಪ ಹೊಳವಾದಾಗ, ಲಿಂಗಪ್ಪ ಒಗೆದ ಅಂಗಿ ಹಾಕಿಕೊಂಡು ಚೆಕ್‌ರೋಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಹೊರಟ. ಮೂಡಿಗೆರೆಯಲ್ಲಿ ಒಂದು ಬಸ್ಸು, ಕಳಸದಲ್ಲಿ ಇನ್ನೊಂದು. ಹೊರಡುವ ಮುಂಚೆ, ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಿದ್ದ. ಭದ್ರೆಯ ಮೇಲಿನ ಕೆಂಪು ಗೀಟನ್ನು ನೀಲಿ ಪೆನ್ನಿನಿಂದ ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಹಾಕಿದ್ದ.

ಸಂಸೆಯಲ್ಲಿ ಹೊಲಿಗೆ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ನಲವತ್ತೈದರ ಹೆಂಗಸು ಮಿಷನ್ ತುಳಿಯುತ್ತಿದ್ದಳು. ಎದುರಿನ ಸ್ಟೂಲಿನಲ್ಲಿ ಒಬ್ಬ ಮುದುಕಿ ರವಿಕೆಗೆ ಕಾಯುತ್ತಾ ಎಲೆಯಡಿಕೆ ಜಗಿಯುತ್ತಿದ್ದಳು.

"ನಾನು... ಗೋಣಿಬೀಡಿನ ಲಿಂಗಪ್ಪ. ಮೋತಿ ಲಾಯದವನು."

ಮಿಷನ್ ನಿಂತಿತು. ಮುದುಕಿಯೇ ಮೊದಲು ಬಾಯಿ ತೆರೆದಳು. "ಓ, ಕುದುರೆ ಸಾಯಿಸಿದವ್ರು ಇವ್ರೇನಾ ಪ್ರೇಮಾ?"

"ಸುಮ್ನಿರಿ ರಂಗಮ್ಮ."

"ಎಂಥ ಸುಮ್ನಿರೋದು? ಮೂರು ದಿನ ನೀನು ಮಿಷನ್ ತುಳೀಲಿಲ್ಲ, ನನ್ನ ರವಿಕೆ ಹಂಗೇ ಬಿದ್ದಿತ್ತು. ನಾನು ಕೇಳ್ದೆ, ಯಾವ ಕುದುರೆ ಮಾರಾಯ್ತಿ, ಎಲ್ಲಿ ಕಟ್ಟಿದ್ದೆ ಅಂತ. ಅದಕ್ಕೂ ಅಳೋದಾ ನೀನು!"

ಲಿಂಗಪ್ಪ ಬಾಗಿಲಲ್ಲೇ ನಿಂತು ಪ್ಲಾಸ್ಟಿಕ್ ಕವರ್ ಬಿಚ್ಚಿದ. ಪುಸ್ತಕ ತೆರೆದು ಆಕೆಯ ಮುಂದೆ ಹಿಡಿದ. "ನೋಡಿ ಅಮ್ಮಾ, ಗೀಟು ಹೊಡೆದುಹಾಕಿದೀನಿ. ಭದ್ರೆ ಬದುಕಿದೆ. ತಪ್ಪು ನಂದು. ಟವರ್ ಹೋಗಿದ್ದು ನಂಗೆ ಗೊತ್ತಿತ್ತು. ಎಲ್ಲರ ಮುಂದೆ ಹೇಳ್ತೀನಿ ಬೇಕಾದ್ರೆ. ನೀವು ವಾಪಸ್ ಬರಬೇಕು."

ಪ್ರೇಮಕುಮಾರಿ ಪುಸ್ತಕವನ್ನು ಬಹಳ ಹೊತ್ತು ನೋಡಿದಳು. ಸಿಟ್ಟಿನ ಮುಖವಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಕೂತ್ಕೊಳ್ಳಿ ಮೇಸ್ತ್ರಿಗಳೇ. ದೂರದಿಂದ ಬಂದಿದೀರಿ" ಎಂದು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದಳು. ಆಮೇಲೆ ಹೇಳಿದಳು: "ಆ ಮೆಸೇಜ್ ನೋಡಿದಾಗ ಭದ್ರೆ ನಮ್ಮ ಮನೆಯೊಳಗೇ ಇತ್ತು. ನೀವು ಸತ್ತಿತು ಅಂದ್ರಿ. ಆಟವಲ್ವಾ ಅಂತ ಮಾರನೇ ದಿನ ಏಳೂವರೆಗೆ ಕೂತು ನೋಡಿದೆ. ಎಬ್ಬಿಸಿದೆ, ಏಳಲಿಲ್ಲ. ಅದರ ಮಾರನೇ ದಿನವೂ ಕೂತೆ. ನಿಮ್ಮ ಪುಸ್ತಕದಲ್ಲಿ ಎದ್ದಿರಬಹುದು. ನಂಗೆ ಎಬ್ಬಿಸೋಕೆ ಬರ್ತಾ ಇಲ್ಲ."

"ಬೇರೆ ಕುದುರೆ ಕೊಡ್ತೀನಿ. ಚೀಟಿ ಬೇಡ, ನಿಮಗೆ ಬೇಕಾದ ಬಣ್ಣದ್ದು."

ಆಕೆ ಸಣ್ಣಗೆ ನಕ್ಕಳು. "ನಿಮ್ಮ ಕುದುರೆ ಹೆಸರೇನು ಮೇಸ್ತ್ರಿಗಳೇ? ಒಂದು ದಿನವೂ ಬರೀಲಿಲ್ಲ ನೀವು."

ಲಿಂಗಪ್ಪನ ಹತ್ತಿರ ಕುದುರೆಯೇ ಇರಲಿಲ್ಲ. ನಲವತ್ತಮೂರು ಕುದುರೆ ಹಂಚಿದವನು ತನಗೊಂದು ಇಟ್ಟುಕೊಂಡಿರಲಿಲ್ಲ. ಹಾಜರಿ ಹಾಕುವವನಿಗೆ ಕುದುರೆ ಯಾಕೆ ಅಂದುಕೊಂಡಿದ್ದ. "ಇಲ್ಲ" ಅಂದ. ಆಕೆ "ಹೌದಾ" ಅಂದಳು, ಅಷ್ಟೆ.

ಆ ಒಂಬತ್ತು ಹಾಳೆ ಇದೆಯಾ, ಗೇಟಿನ ಒಳಗೆ ಏನಿತ್ತು ಅಂತ ಕೇಳಬೇಕೆಂದು ನಾಲಿಗೆ ತುದಿಗೆ ಬಂತು. ಮಿಷನ್ನಿನ ಪಕ್ಕ, ಕತ್ತರಿಯ ಕೆಳಗೆ, ಒಂದು ನೋಟ್‌ಬುಕ್ಕೂ ಕಾಣುತ್ತಿತ್ತು. ಕೇಳುವ ಮುಖ ಅವನಿಗಿರಲಿಲ್ಲ. ಕಾಫಿ ಕುಡಿದು, ಲೋಟ ತೊಳೆದಿಟ್ಟು, "ಬರ್ತೀನಿ ಅಮ್ಮಾ" ಎಂದು ಎದ್ದ. ಹಿಂದೆ ಮಿಷನ್ನಿನ ಸದ್ದು ಮತ್ತೆ ಶುರುವಾದದ್ದು ಬಸ್‌ಸ್ಟಾಪಿನ ತನಕ ಕೇಳಿಸಿತು.

ಮಾರನೇ ದಿನ ಗುಂಪಿನಲ್ಲಿ, ಇನ್ನು ಮುಂದೆ ಯಾವ ಕುದುರೆಯೂ ಸಾಯುವುದಿಲ್ಲ ಎಂದು ಬರೆದ. ಬಿಸ್ಕತ್ತನ್ನು ಪ್ರಶಾಂತನಿಗೆ ವಾಪಸ್ ಕೊಟ್ಟ. ಎಲ್ಲರೂ ಚಪ್ಪಾಳೆಯ ಚಿತ್ರ ಹಾಕಿದರು. ಆದರೆ ಭದ್ರೆ ಇಲ್ಲದ ಬೆಳಗಿನಲ್ಲಿ ಕಾಯುವುದಕ್ಕೆ ಏನಿತ್ತು? ಒಬ್ಬೊಬ್ಬರೇ ಬರೆಯುವುದು ತಪ್ಪಿಸಿದರು. ಅರುಣಾ ನಿಂತೇಬಿಟ್ಟಳು. ಈಗ ದಸರಾ ಕಳೆದಿದೆ. ಲಾಯದಲ್ಲಿ ದಿನಾ ಬರೆಯುವವರು ಏಳು ಜನ.

ಅದರಲ್ಲಿ ಲಿಂಗಪ್ಪನೂ ಒಬ್ಬ. ಕಂದು ಮೈಯ, ಬಿಳಿ ಬೊಟ್ಟಿನ ಕುದುರೆಯೊಂದನ್ನು ತನ್ನ ಹೆಸರಿಗೆ ಬರೆದುಕೊಂಡಿದ್ದಾನೆ. ಲೈನಿನ ಹಾಜರಿ ಮುಗಿಸಿ, ಮರದ ದಿಮ್ಮಿಯ ಮೇಲೆ ಕೂತು, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾನೆ:

"ಮೋತಿಗೆ ಒಂದು ಸೇರು ಹುರುಳಿ. ಶಾಲೆ ಹಿಂದಿನ ರಸ್ತೆ. ಟೀಚರ ಮನೆ ಕಿಟಕಿ. ಕ್ವಾರ್ಟರ್ಸಿನ ಗೇಟಿನ ತನಕ ಹೋದೆವು. ವಾಪಸ್ ಬಂದೆವು."

ಆ ಊರನ್ನು ಅವನು ಕಣ್ಣಿನಿಂದ ನೋಡಿಲ್ಲ. ಆಕೆ ಬರೆದಷ್ಟೇ ಅವನಿಗೆ ಗೊತ್ತಿರುವ ದಾರಿ.

ಮೊನ್ನೆ ಪ್ರಶಾಂತ್ ಕೇಳಿದ, "ಏನ್ ಮೇಸ್ತ್ರಿಗಳೇ, ದಿನಾ ಗೇಟಿನ ತನಕ ಹೋಗಿ ಬರೋದೇ ಆಯ್ತಲ್ಲ. ಒಂದು ದಿನ ಒಳಗೆ ಹೋಗಿ ಮಾರಾಯ್ರೆ."

"ಒಳಗೆ ಹೋಗೋ ದಾರಿ ನಂಗೆ ಗೊತ್ತಿಲ್ಲ" ಎಂದು ಬರೆದು, ಲಿಂಗಪ್ಪ ಫೋನು ಜೇಬಿಗಿಟ್ಟು ತೋಟಕ್ಕೆ ಇಳಿದ.