ಎರಡು ಗುಂಪಿನ ನಡುವೆ ನಡೆದ ಬಾಯಮ್ಮ

ಮೊನ್ನೆ ಮೊಮ್ಮಗಳ ಗಾಯಕ್ಕೆ ಟಿಂಚರ್ ಹಚ್ಚುತ್ತಿದ್ದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಬಾಯಮ್ಮ ನೆನಪಾದರು. ಅವರ ಚೀಲದಿಂದ ಸದಾ ಬರುತ್ತಿದ್ದ ವಾಸನೆ ಅದು…

ಬನ್ನಂಜೆಯಲ್ಲಿ ನಮ್ಮ ಪಕ್ಕದ ಮನೆ ಅವರ ಅಕ್ಕನದು. ಮೂಲತಃ ಕೆಮ್ಮಣ್ಣು ಎಂಬ ಊರಿನ ಕೊಂಕಣಿ ಕ್ರೈಸ್ತರು; ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು. ಕಾರ್ಕಳದ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಅದನ್ನು ಬಿಟ್ಟು ಆಫ್ರಿಕಾದಲ್ಲಿ ಯುದ್ಧದಿಂದ ಓಡಿಬಂದವರ ಶಿಬಿರಗಳಿಗೆ ಹೋಗಿದ್ದರು. ರಜೆಯಲ್ಲಿ ಬಂದರೆ ಸಂಜೆ ನಮ್ಮ ಜಗಲಿಯಲ್ಲಿ ಕೂತು ಅಲ್ಲಿಯ ಕಥೆ ಹೇಳುವರು. ಮಣಿಪಾಲದಲ್ಲಿ ನರ್ಸಿಂಗ್ ಕಲಿಯುತ್ತಿದ್ದ ನಾನು ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದೆ.

ಎಪ್ಪತ್ತರ ದಶಕದ ಕೊನೆ. ಕರಾವಳಿಯಲ್ಲಿ ಯಂತ್ರದ ಬೋಟಿನವರಿಗೂ ದಡದಿಂದ ರಂಪಣಿ ಬಲೆ ಎಳೆಯುವವರಿಗೂ ಮೀನಿಗಾಗಿ ಜಗಳ ಹತ್ತಿತ್ತು. ಒಂದು ಬೆಳಿಗ್ಗೆ ಕಾಪುವಿನಿಂದ ಸುದ್ದಿ ಬಂತು: ರಂಪಣಿ ಬಲೆಗೆ ಬೆಂಕಿ ಬಿದ್ದಿದೆ, ಬೋಟಿನ ಹುಡುಗನೊಬ್ಬ ಕಾಲು ಸೀಳಿಕೊಂಡು ರಂಪಣಿಯವರ ಕೈಗೆ ಸಿಕ್ಕಿಬಿದ್ದಿದ್ದಾನೆ. ಬಾಯಮ್ಮ ಚೀಲ ಹೆಗಲಿಗೇರಿಸಿ, "ಬರ್ತೀಯಾ?" ಎಂದರು. ಸಿಕ್ಕಿದ ಬಸ್ಸು ಹತ್ತಿದೆವು.

ಮರಳಿನ ಮೇಲೆ ಎರಡೂ ಕಡೆ ದೊಣ್ಣೆ ಹಿಡಿದ ಗಂಡಸರು. ನಡುವೆ ಖಾಲಿ ಜಾಗ. ಬಾಯಮ್ಮ ಆ ಖಾಲಿ ಜಾಗದಲ್ಲೇ ಸರಸರ ನಡೆದರು, ಹಿಂದೆ ನಾನು. ಬಲೆ ಇಡುವ ಶೆಡ್ಡಿನಲ್ಲಿ ಹುಡುಗ ನರಳುತ್ತಿದ್ದ. ಬಾಗಿಲಲ್ಲಿ ನಿಂತಿದ್ದ ಬಲೆಯ ಯಜಮಾನ, ವಯಸ್ಸಾದವನು, ಕೂಗಿದ: "ನನ್ನ ಬಲೆ ಸುಟ್ಟವನು ಇವನೇ!"

"ಆಗಿರಬಹುದು. ಜಗಳ ಮತ್ತೆ ಮಾಡುವ ಮಾರಾಯ್ರೆ. ಈಗ ಹೊಲಿಗೆ ಹಾಕ್ಲಿಕ್ಕುಂಟು, ಇವನ ಕಾಲು ಗಟ್ಟಿ ಹಿಡೀರಿ."

ಅವನು ತಬ್ಬಿಬ್ಬಾಗಿ ಹಿಡಿದೇಬಿಟ್ಟ! ಬಾಯಮ್ಮ ಹೊರಗೆ ಇಣುಕಿ, ಬೋಟಿನವರ ಗುಂಪಿನಲ್ಲಿದ್ದ ಹುಡುಗನ ಅಪ್ಪನನ್ನು ಕರೆದರು: "ನೀವೊಬ್ಬರೇ ಬನ್ನಿ. ದೊಣ್ಣೆ ಅಲ್ಲೇ ಇರಲಿ."

ಅಪ್ಪ ಬಂದು ಮಗನ ತಲೆ ಹಿಡಿದ. ಇಬ್ಬರೂ ಪರಸ್ಪರ ಮುಖ ನೋಡಲಿಲ್ಲ… ಸೂಜಿ ಚುಚ್ಚಿ ಹುಡುಗ ಚೀರಿದಾಗ ಯಜಮಾನನೇ "ಆಯ್ತು ಮಗಾ, ಆಯ್ತು" ಎಂದ. ಅಪ್ಪನ ಕಣ್ಣಲ್ಲಿ ನೀರು. "ಹೊಸ ಬಲೆ ಕಟ್ಟಲಿಕ್ಕೆ ನಾವೂ ಬರ್ತೇವೆ," ಎಂದ.

ಹುಡುಗನನ್ನು ಎರಡೂ ಕಡೆಯವರು ಸೇರಿ ರಸ್ತೆಗೆ ಹೊತ್ತು ತಂದರು. ಕರಾವಳಿಯ ಜಗಳ ಅಲ್ಲಿಗೆ ಮುಗಿಯಲಿಲ್ಲ. ಆದರೆ ಆ ದಿನ ಅಲ್ಲಿ ಹೆಣ ಬೀಳಲಿಲ್ಲ. ಬಸ್ಸಿನಲ್ಲಿ ನಾನು ಕುಣಿಯುವುದೊಂದು ಬಾಕಿ. "ನಿಮಗೆ ಹೆದರಿಕೆ ಆಗ್ಲಿಲ್ವಾ ಬಾಯಮ್ಮ?"

ನಡುಗುತ್ತಿದ್ದ ಕೈ ತೋರಿಸಿ ಜೋರಾಗಿ ನಕ್ಕರು. "ಇದು ಎಂತ ಮತ್ತೆ?"

ನನಗೂ ಇದೇ ಕೆಲಸ ಎಂದು ಅಂದೇ ನಿಶ್ಚಯಿಸಿದೆ. ಓದು ಮುಗಿಸಿ ಅವರಂತೆ ಶಿಬಿರಗಳ ಕೆಲಸಕ್ಕೆ ಸೇರಿದೆ ಕೂಡ. ಆದರೆ ನಾನು ಮೊದಲ ಶಿಬಿರಕ್ಕೆ ಹೊರಡುವ ಮುನ್ನವೇ, ಆಫ್ರಿಕಾದಲ್ಲಿ ಔಷಧ ಸಾಗಿಸುತ್ತಿದ್ದ ಬಾಯಮ್ಮನ ಜೀಪು ನೆಲಬಾಂಬಿಗೆ ಸಿಕ್ಕಿ ಸಿಡಿಯಿತು. ಅವರನ್ನು ಅಲ್ಲೇ ಮಣ್ಣು ಮಾಡಿದರು. ಮುಂದೆ ಎಷ್ಟೋ ದೇಶಗಳ ಗಡಿ ದಾಟಿದೆ. ಅವರ ಸಮಾಧಿಯಿರುವ ಊರಿಗೆ ಹೊರಟಾಗಲೆಲ್ಲ ಯುದ್ಧ ಅಡ್ಡ ಬಂತು… ಈಗ ನಿವೃತ್ತಳು, ಹೆಚ್ಚು ನಡೆಯಲಾಗುವುದಿಲ್ಲ. ಇನ್ನು ಹೋಗಲಾರೆ.