ಟ್ರೆಸ್‌ಪಾಸ್ ಮತ್ತು ಹಕ್ಕರಿಕೆ ಸೊಪ್ಪು

‘ಮೇಡಂ, ಪೊಲೀಸ್ರು ನನ್ನ ಹಿಡ್ಕೊಂಡು ಹೋಗ್ತಾರಂತೆ, ಹೌದೇನ್ರಿ?’

ಕಳೆದ ಬುಧವಾರ ಬೆಳಗ್ಗೆ ನಮ್ಮ ಗೇಟಿನ ಮುಂದೆ ಬುಟ್ಟಿ ಹೊತ್ತು ನಿಂತ ಸೊಪ್ಪಿನ ರತ್ನಮ್ಮ ಹೀಗೆ ಕೇಳಿದಾಗ ನಾನು ಗಾಬರಿಯಾದೆ.

ರತ್ನಮ್ಮ ಹರಿಹರದ ಹತ್ತಿರದ ಕೊಂಡಜ್ಜಿಯವರು. ದಿನಾ ಮೊದಲ ಬಸ್ಸಿಗೆ ದಾವಣಗೆರೆಗೆ ಬಂದು ನಮ್ಮ ಬಡಾವಣೆಯ ಪಾರ್ಕಿನ ಹೊಂಗೆ ಮರದ ಕೆಳಗೆ ಕೂತು ಸೊಪ್ಪು ಮಾರುತ್ತಾರೆ. ಅವರ ಮನೆ ನಡೆಯುವುದೇ ಆ ಬುಟ್ಟಿಯಿಂದ. ಆ ವಾರ ಅಲ್ಲೊಂದು ಇಂಗ್ಲಿಷ್ ಬೋರ್ಡ್ ಎದ್ದಿತ್ತು. ಟ್ರೆಸ್‌ಪಾಸ್ ಮಾಡಿದರೆ ಕೇಸ್! ಅದನ್ನು ತೋರಿಸಿ ಅವರನ್ನು ಎಬ್ಬಿಸಿದವರು ನಮ್ಮ ಬಡಾವಣೆ ಸಂಘದ ಅಧ್ಯಕ್ಷರು. (ಅವರಿಗೆ ಶಿಸ್ತು ಅಂದರೆ ಪ್ರಾಣ. ಬೇರೆಯವರ ಶಿಸ್ತು.) ಮರುದಿನದಿಂದ ರತ್ನಮ್ಮ ಬರಲೇ ಇಲ್ಲ.

ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ ನನಗೆ ಮೈಯೆಲ್ಲ ಉರಿಯಿತು. ಡಿಕ್ಷನರಿ ತೆಗೆದೆ. ಹಳೆಯ ಫ್ರೆಂಚಿನಲ್ಲಿ ‘ಟ್ರೆಸ್‌ಪಾಸ್’ ಪದದ ಮೂಲಾರ್ಥ ‘ದಾಟಿ ಹೋಗು’. ಆಮೇಲೆ ಅದು ಎಲ್ಲೆ ಮೀರುವುದಾಯಿತು, ಪಾಪವಾಯಿತು, ಕೊನೆಗೆ ಕೋರ್ಟು ಸೇರಿ ಇನ್ನೊಬ್ಬರ ಜಾಗಕ್ಕೆ ನುಗ್ಗುವ ಅಪರಾಧವಾಯಿತು. ನಮ್ಮ ‘ಅತಿಕ್ರಮ’ದ ಕಥೆಯೂ ಹೆಚ್ಚುಕಡಿಮೆ ಇದೇ; ಕ್ರಮ ಅಂದರೆ ಹೆಜ್ಜೆ. ಹೆಜ್ಜೆ ಹಾಕುವುದೇ ತಪ್ಪಾಗಿಬಿಟ್ಟಿತು! ಪಾಪ, ಪದ ತಾನೇ ಏನು ಮಾಡೀತು?

ಭಾನುವಾರದ ಮೀಟಿಂಗಿನಲ್ಲಿ ಇದನ್ನೆಲ್ಲ ಒದರಿದೆ. ಪಾರ್ಕು ಎಲ್ಲರದ್ದು, ರತ್ನಮ್ಮ ಯಾರ ಎಲ್ಲೆ ಮೀರಿದರು ಅಂತಲೂ ಕೇಳಿದೆ. ಅಧ್ಯಕ್ಷರು ಆಕಳಿಸಿದರು.

‘ಮೇಡಂ, ಇದು ಕ್ಲಾಸ್‌ರೂಮ್ ಅಲ್ರಿ. ಬೋರ್ಡ್ ಐತೆ, ಮುಗೀತು.’

ಆಗ ಎದ್ದರು ನೋಡಿ, ಅವರ ಶ್ರೀಮತಿ!

‘ಮುಗೀತಾ? ನಾಕು ದಿನದಿಂದ ರೊಟ್ಟಿ ಜೊತಿಗೆ ಹಕ್ಕರಿಕೆ ಸೊಪ್ಪು ಯಾಕಿಲ್ಲ ಅಂತ ತಟ್ಟೆ ದೂಡೋರು ಯಾರ್ರಿ? ನಾಳೆಯಿಂದ ನೀವೇ ಮಾರ್ಕೆಟ್ಟಿಗೆ ಹೋಗಿ ತರ್ರಿ. ಇಲ್ಲಾ, ಆ ಬೋರ್ಡ್ ಕೀಳಿಸ್ರಿ.’

ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಗಂಡಸರೂ. (ತಿನ್ನುವವರು ಅವರೇ ತಾನೆ?) ನನ್ನ ಫ್ರೆಂಚ್ ಕೈಲಿ ಆಗದ ಕೆಲಸ ಹಕ್ಕರಿಕೆ ಸೊಪ್ಪಿನಿಂದ ಆಯಿತು. ಸಂಜೆಯೊಳಗೆ ಬೋರ್ಡ್ ನೆಲ ಕಂಡಿತ್ತು. ನಾನು ಕುಣಿಯುವುದೊಂದು ಬಾಕಿ. ಆ ಖುಷಿಯಲ್ಲೇ ರತ್ನಮ್ಮನಿಗೆ ಫೋನ್ ಹಚ್ಚಿದೆ.

ಸೋಮವಾರ ಅವರು ಪಾರ್ಕಿನ ದೊಡ್ಡ ಗೇಟಿನಿಂದಲೇ ಬಂದು ಅದೇ ಮರದ ಕೆಳಗೆ ಕೂತರು. ಗೆದ್ದ ಹುಮ್ಮಸ್ಸಿನಲ್ಲಿ ಅವರಿಗೂ ಟ್ರೆಸ್‌ಪಾಸಿನ ಪಾಠ ಶುರು ಮಾಡಿದೆ. ಸೊಪ್ಪಿಗೆ ನೀರು ಚಿಮುಕಿಸುತ್ತ ಪೂರ್ತಿ ಕೇಳಿಸಿಕೊಂಡು ರತ್ನಮ್ಮ ಅಂದರು:

‘ದಾಟಿ ಹೋಗೋರಿಗೆ ಇಷ್ಟುದ್ದ ಹೆಸರು ಇಟ್ಟಾರಲ್ರಿ ಮೇಡಂ, ಕುಂತೋರನ್ನ ಎಬ್ಬಿಸೋರಿಗೆ ಇಂಗ್ಲಿಷಿನಾಗೆ ಏನಂತಾರ್ರಿ?’